ಐದನೇ ಟ್ಯಾಂಕಿನ ವೈನು

ನೀರು ಸರಬರಾಜು ಕಚೇರಿಯ ಪರೀಕ್ಷಾ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತಿದ್ದ ಸ್ಯಾಂಪಲ್ಲಣ್ಣನಿಗೆ ಜಗತ್ತಿನಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ, ತನ್ನ ಷಡ್ಡಕನೊಬ್ಬನನ್ನು ಬಿಟ್ಟು. ಆದರೆ ಆ ಒಬ್ಬನ ಮೇಲಿದ್ದ ಹೊಟ್ಟೆಕಿಚ್ಚನ್ನು ಹತ್ತು ಮಂದಿಗೆ ಹಂಚಿದ್ದರೂ ಇನ್ನಷ್ಟು ಮಿಗುತ್ತಿತ್ತು.

ಅವನ ಕೆಲಸ ಏನೆಂದರೆ, ಊರಿನ ನಲ್ಲಿಗಳಿಂದ ಹಿಡಿದು ತಂದ ನೀರನ್ನು ಬೆಳಕಿಗೆ ಹಿಡಿದು ನೋಡುವುದು, ಮೂಸುವುದು, ನಾಲಿಗೆಗೆ ಒಂದು ಹನಿ ಮುಟ್ಟಿಸುವುದು, ಆಮೇಲೆ ರಿಜಿಸ್ಟರಿನಲ್ಲಿ ಬರೆಯುವುದು. ಬಣ್ಣ: ಇಲ್ಲ. ವಾಸನೆ: ಇಲ್ಲ. ರುಚಿ: ಇಲ್ಲ. ದಿನಕ್ಕೆ ನಲವತ್ತು ಸ್ಯಾಂಪಲ್ಲು, ನೂರಿಪ್ಪತ್ತು ‘ಇಲ್ಲ’. ಇಡೀ ಕಚೇರಿಯಲ್ಲಿ ಅವನಿಗಿಂತ ಹೆಚ್ಚು ಸಲ ಇಲ್ಲ ಅಂದಿದ್ದವನು ರಜೆ ಮಂಜೂರು ಮಾಡುವ ಗುಮಾಸ್ತ ಒಬ್ಬನೇ. ಹೀಗೆ ಇಲ್ಲ ಇಲ್ಲ ಅನ್ನುತ್ತಲೇ ಸ್ಯಾಂಪಲ್ಲಣ್ಣ ಒಂದು ವಿದ್ಯೆ ಸಂಪಾದಿಸಿಕೊಂಡಿದ್ದ. ಊರಿಗೆ ನೀರು ಕೊಡುವ ಏಳು ಟ್ಯಾಂಕುಗಳಲ್ಲಿ ಯಾವ ಟ್ಯಾಂಕಿನ ನೀರನ್ನು ಕಣ್ಣು ಕಟ್ಟಿ ಕುಡಿಸಿದರೂ ಇದು ಇಂಥದ್ದೇ ಎಂದು ಹೇಳಬಲ್ಲವನಾಗಿದ್ದ. ಈ ವಿದ್ಯೆಗೆ ಹೆಂಡತಿಯ ತವರಿನಲ್ಲಿ ಕವಡೆ ಕಿಮ್ಮತ್ತೂ ಇರಲಿಲ್ಲ.

ಷಡ್ಡಕನಿಗೆ ಬಚ್ಚಲುಮನೆ ಟೈಲ್ಸಿನ ಅಂಗಡಿ. ಆ ವರ್ಷ ಟೈಲ್ಸ್ ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನೆಲ್ಲ ಹತ್ತು ದಿನ ಹೊರದೇಶಕ್ಕೆ ಕರೆದುಕೊಂಡು ಹೋದರು. ಹೋಗುವಾಗ ಷಡ್ಡಕನ ಬಾಯಲ್ಲಿದ್ದದ್ದು ಎಲ್ಲರಿಗೂ ಇರುವಂಥ ನಾಲಿಗೆ. ವಾಪಸು ಬರುವಾಗ ಅದು ವೈನ್ ಪಂಡಿತರ ನಾಲಿಗೆಯಾಗಿತ್ತು.

ಮಾವನ ಮನೆಯಲ್ಲಿ ಭಾನುವಾರದ ಊಟ. ಮಾವ ನಿವೃತ್ತ ಡ್ರಾಯಿಂಗ್ ಮೇಷ್ಟರು. ಯಾರನ್ನಾದರೂ ಮೆಚ್ಚಬೇಕಾದರೆ ಒಂದು ಕಣ್ಣು ಮುಚ್ಚಿ ನೋಡುವುದು ಅವರ ಪದ್ಧತಿ. ಅವತ್ತು ಊಟ ಮುಗಿಯುವ ತನಕ ಕಿರಿಯ ಅಳಿಯನನ್ನು ಒಂದೇ ಕಣ್ಣಿನಲ್ಲಿ ನೋಡುತ್ತಿದ್ದರು. ಷಡ್ಡಕ ಊರಾಚೆಯ ದ್ರಾಕ್ಷಿ ತೋಟದ ಒಂದು ಬಾಟಲಿ ತೆಗೆದು ಎಲ್ಲರಿಗೂ ಒಂದೊಂದು ಬೆರಳಷ್ಟು ಸುರಿದ.

“ಗಟಗಟ ಅಂತ ಕುಡಿಯೋದಲ್ಲ ಮಾವ. ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಆಮೇಲೆ ಮೂಸಬೇಕು. ಆಮೇಲೆ ನಾಲಿಗೆಗೆ ಮುಟ್ಟಿಸಬೇಕು.”

“ನೋಡಿದಿರಾ!” ಅಂದರು ಮಾವ.

ಸ್ಯಾಂಪಲ್ಲಣ್ಣನ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು. ಇದೇ ಕೆಲಸವನ್ನು ತಾನು ಹತ್ತೊಂಬತ್ತು ವರ್ಷದಿಂದ ದಿನಕ್ಕೆ ನಲವತ್ತು ಸಲ ಮಾಡುತ್ತಿದ್ದೇನೆ. ಒಬ್ಬರಾದರೂ ನೋಡಿದಿರಾ ಅಂದಿದ್ದಾರೆಯೇ?

ಷಡ್ಡಕ ಕಣ್ಣು ಮುಚ್ಚಿ ಮೂಗನ್ನು ಗ್ಲಾಸಿನೊಳಗೆ ಇಳಿಸಿದ. “ಆಹಾ. ನೇರಳೆ ಹಣ್ಣಿದೆ. ಒದ್ದೆ ಕಲ್ಲಿದೆ. ಹಿಂದುಗಡೆ ಸ್ವಲ್ಪ ಚರ್ಮ ಇದೆ.”

“ಚರ್ಮಾನಾ? ಯಾರದ್ದಪ್ಪಾ?” ಎಂದು ಅತ್ತೆ ಗಾಬರಿಯಿಂದ ಗ್ಲಾಸು ಕೆಳಗಿಟ್ಟರು.

“ಹಾಗಲ್ಲ ಅತ್ತೆ, ಚರ್ಮದ ಪರಿಮಳ. ಹೊಸ ಚಪ್ಪಲಿ ಪೆಟ್ಟಿಗೆ ತೆಗೆದಾಗ ಬರುತ್ತಲ್ಲ, ಹಾಗೆ.”

ಎಲ್ಲರೂ ಮೂಸಿದರು. ಎಲ್ಲರಿಗೂ ಚಪ್ಪಲಿ ಸಿಕ್ಕಿತು. ನಾದಿನಿ, ಅಂದರೆ ಷಡ್ಡಕನ ಹೆಂಡತಿ, “ನಮ್ಮವರು ಏನು ಹೇಳಿದ್ರೂ ಹಾಗೇ ಇರುತ್ತೆ” ಎಂದು ಅಕ್ಕನ ಕಡೆ ನೋಡಿದಳು. ಅಕ್ಕ ತನ್ನ ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ಹನ್ನೆರಡು ವರ್ಷದ ದಾಂಪತ್ಯದ ಸಮಗ್ರ ವಿಮರ್ಶೆಯಿತ್ತು. ಸ್ಯಾಂಪಲ್ಲಣ್ಣ ಬಾಯಿ ಬಿಟ್ಟದ್ದು ಆಗಲೇ.

“ನನಗೇನೂ ಇದು ಹೊಸದಲ್ಲ,” ಅಂದ. “ವೈನಿನ ವಿಷಯ ಬಂದರೆ ನಮ್ಮ ಇಲಾಖೆಯವರು ಕಡೆಗೆ ನನ್ನ ಹತ್ತಿರವೇ ಬರೋದು. ಹೊರಗೆ ಹೇಳೋ ಹಾಗಿಲ್ಲ, ಅದಕ್ಕೇ ಸುಮ್ಮನಿದ್ದೆ.”

 ಮಾವ ಮುಚ್ಚಿದ್ದ ಕಣ್ಣನ್ನು ತೆರೆದು, ತೆರೆದಿದ್ದನ್ನು ಮುಚ್ಚಿ, ಹಿರಿಯ ಅಳಿಯನ ಕಡೆ ತಿರುಗಿದರು. “ಏನಳಿಯಂದಿರೇ, ಇಷ್ಟು ವರ್ಷ ಒಂದು ಮಾತೂ ಆಡಲಿಲ್ವಲ್ಲ!”

“ಸರ್ಕಾರಿ ವಿಷಯ ಮಾವ,” ಎಂದು ಸ್ಯಾಂಪಲ್ಲಣ್ಣ ಕಣ್ಣು ಕೆಳಗೆ ಹಾಕಿದ. ಸುಳ್ಳು ಹೇಳುವಾಗ ಕಣ್ಣು ತಾನಾಗಿ ಕೆಳಗೆ ಹೋಗುತ್ತದೆ. ನೋಡುವವರು ಅದನ್ನು ವಿನಯ ಅಂದುಕೊಳ್ಳುತ್ತಾರೆ.

ಷಡ್ಡಕನಾದರೂ ಇದಕ್ಕೆ ಉರಿದುಕೊಳ್ಳಬೇಕೋ ಬೇಡವೋ? ಅವನು ಎದ್ದು ಬಂದು ಸ್ಯಾಂಪಲ್ಲಣ್ಣನ ಕೈ ಹಿಡಿದುಕೊಂಡ. “ಅಣ್ಣಾ, ಮನೆಯಲ್ಲೇ ಇಂಥವರಿದ್ದೀರಿ ಅಂತ ನನಗೆ ಗೊತ್ತೇ ಇರಲಿಲ್ಲ! ಇನ್ನೆರಡು ವಾರಕ್ಕೆ, ಭಾನುವಾರ, ಆ ದ್ರಾಕ್ಷಿ ತೋಟದಲ್ಲಿ ರುಚಿ ನೋಡೋ ಕೂಟ ಇದೆ. ನೀವು ಬರಲೇಬೇಕು.” ಆಮೇಲೆ ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ್ದ ಇನ್ನೊಂದು ಬಾಟಲಿ ತೆಗೆದ. ಹೊರದೇಶದ್ದು. ಕಡುಹಸಿರು ಗಾಜು, ಕತ್ತಿಗೆ ಕೆಂಪು ಹಾಳೆಯ ಕವಚ, ಮೇಲೆ ಯಾರಿಗೂ ಓದಲು ಬಾರದ ಅಕ್ಷರ. “ಇದನ್ನ ಅವತ್ತು ಎಲ್ಲರ ಮುಂದೆ ತೆಗೀಬೇಕು ಅಂತ ಇಟ್ಟಿದ್ದೀನಿ. ಆದರೆ ನಮ್ಮ ಮನೆಗೆ ನಾಳೆಯಿಂದ ಬಣ್ಣ ಹೊಡಿಸ್ತಿದ್ದೀವಿ, ಆ ವಾಸನೆ ಇದಕ್ಕೆ ಆಗಲ್ಲ. ನಿಮ್ಮನೆ ಮೆಟ್ಟಿಲ ಕೆಳಗಿನ ಕೋಣೆ ತಂಪಾಗಿದೆ. ಅಲ್ಲಿವರೆಗೆ ನೀವೇ ಇಟ್ಟುಕೊಳ್ಳಿ. ನಿಮಗಿಂತ ತಿಳಿದವರು ಇನ್ಯಾರಿದ್ದಾರೆ?”

ಹೀಗೆ ಷಡ್ಡಕನ ಬಾಟಲಿ ಸ್ಯಾಂಪಲ್ಲಣ್ಣನ ಮನೆಗೆ ಬಂದು ಮಲಗಿತು. ಮಲಗಿತು ಎಂದೇ ಹೇಳಬೇಕು; ಅದನ್ನು ನಿಲ್ಲಿಸುವ ಹಾಗಿರಲಿಲ್ಲ. ಅಲುಗಾಡಿಸುವ ಹಾಗಿರಲಿಲ್ಲ. ಬೆಳಕು ಬೀಳುವ ಹಾಗಿರಲಿಲ್ಲ. ಬಾಣಂತಿ ಕೋಣೆಯ ಮುಂದೆ ನಡೆಯುವ ಹಾಗೆ ಸ್ಯಾಂಪಲ್ಲಣ್ಣ ತನ್ನ ಮನೆಯ ಮೆಟ್ಟಿಲನ್ನು ತುದಿಗಾಲಿನಲ್ಲಿ ಹತ್ತಬೇಕಾಯಿತು. ಒಂದು ಸಲ ಸೀನಿದ್ದಕ್ಕೆ ಹೆಂಡತಿ “ಶ್!” ಅಂದಳು.

ಹೆಂಡತಿಗೆ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ. ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಅಂಟು ಹಾಕಿ, ಹೊಸ ರಟ್ಟು ಕಟ್ಟುವವಳು. ನಾಲ್ಕು ಗಂಟೆಗೆ ಮನೆಗೆ ಬಂದ ಕೂಡಲೇ ತಂಗಿಯ ಫೋನು ಬರುತ್ತಿತ್ತು.

“ದಿನಾ ಎರಡು ಸಲ ಫೋನು ಮಾಡ್ತಾಳೆ ರೀ,” ಅಂದಳು ಒಂದು ಸಂಜೆ. “ಬಾಟಲಿ ಹೇಗಿದೆ ಅಕ್ಕಾ ಅಂತಾಳೆ. ಅಕ್ಕಾ ನೀನು ಹೇಗಿದ್ದೀಯ ಅಂತ ಒಂದು ಸಲ ಕೇಳಿಲ್ಲ. ಹೊರದೇಶದ ವೈನು ನಿಂಗೆಲ್ಲ ಸ್ವಲ್ಪ ಗಟ್ಟಿಯಾಗುತ್ತೆ, ಅಭ್ಯಾಸ ಬೇಕು ಅಂತಾಳೆ. ಇವಳಿಗೆ ಯಾವ ಕಾಲದಿಂದ ಅಭ್ಯಾಸ? ಚಿಕ್ಕವಳಿದ್ದಾಗ ಕೆಮ್ಮಿನ ಔಷಧಿ ಕುಡಿಸೋಕೆ ನಾವು ನಾಲ್ಕು ಜನ ಹಿಡ್ಕೋಬೇಕಿತ್ತು!”

ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಾಯಿಲೆ ಇದ್ದ ಮನೆಯಲ್ಲಿ ಎಂಥ ಅನ್ಯೋನ್ಯ! ಆ ವಾರ ಅವರಿಬ್ಬರೂ ಊಟಕ್ಕೆ ಕೂತಾಗ ಷಡ್ಡಕ ದಂಪತಿಗಳನ್ನು ಬಿಟ್ಟು ಬೇರೆ ಏನನ್ನೂ ನಂಚಿಕೊಳ್ಳಲಿಲ್ಲ.

ಆದರೆ ಸ್ಯಾಂಪಲ್ಲಣ್ಣನ ನಿಜವಾದ ತಾಪತ್ರಯ ಬೇರೆಯಿತ್ತು. ಕೂಟಕ್ಕೆ ಮುಂಚೆ ಅವನು ವೈನನ್ನು ಕಲಿಯಬೇಕಾಗಿತ್ತು. ಅದೇ ತೋಟದ ಮೂರು ಬಾಟಲಿ ಕೊಂಡುತಂದ. ಮನೆಯಲ್ಲಿ ಕಲಿಯುವ ಹಾಗಿಲ್ಲ, ಪಂಡಿತನೆಂದು ಹೆಸರಾಗಿಬಿಟ್ಟಿದೆ. ಅದಕ್ಕೆ ಅವನ್ನು ಕಚೇರಿಗೆ ಒಯ್ದು, ನೀರಿನ ಸ್ಯಾಂಪಲ್ ಬಾಟಲಿಗಳಿಗೆ ಸುರಿದು, ಪರೀಕ್ಷಾ ಕೋಣೆಯ ಫ್ರಿಜ್ಜಿನ ಹಿಂದಿನ ಸಾಲಿನಲ್ಲಿಟ್ಟ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ನೇರಳೆ ಹಣ್ಣಿಗಾಗಿ ಹುಡುಕುತ್ತಿದ್ದ. ಹತ್ತೊಂಬತ್ತು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? ನಾಲಿಗೆ ಮೊದಲು ಕ್ಲೋರಿನ್ ಹುಡುಕುತ್ತಿತ್ತು. ಆಮೇಲೆ ತುಕ್ಕು. ಆಮೇಲೆ ಪಾಚಿ. ಇವು ಮೂರೂ ಸಿಗದಿದ್ದರೆ ‘ಇಲ್ಲ’ ಎಂದು ವರದಿ ಕೊಟ್ಟು ಸುಮ್ಮನಾಗುತ್ತಿತ್ತು.

ಗುರುವಾರ ಅವನು ಬ್ಯಾಂಕಿಗೆ ಹೋಗಿದ್ದಾಗ ಪರೀಕ್ಷಾ ಕೋಣೆಯ ಇನ್ನೊಂದು ಮೇಜಿನ ಮೇಡಮ್ಮು ಫ್ರಿಜ್ಜು ಒರೆಸಲು ಹೊರಟರು. ಶಿಸ್ತಿನ ಹೆಂಗಸು, ಕಂಡದ್ದನ್ನು ಪರೀಕ್ಷೆ ಮಾಡದೆ ಬಿಟ್ಟವರಲ್ಲ. ಮುಂದಿನ ಸಾಲಿನ ನಾಲ್ಕನೇ ವಾರ್ಡಿನ ಬಾಟಲಿಗಳ ಹಿಂದೆಯೇ ಇನ್ನೂ ಮೂರು ಸಿಕ್ಕಿದ್ದರಿಂದ, ಅವೂ ನಾಲ್ಕನೇ ವಾರ್ಡಿನವೇ ಎಂದು ತೀರ್ಮಾನಿಸಿ ರಿಜಿಸ್ಟರು ತೆಗೆದರು. ಬಣ್ಣ: ಕಡುಗೆಂಪು. ವಾಸನೆ: ಹುಳಿ. ರುಚಿಯ ಕಾಲಮಿನಲ್ಲಿ ಸ್ವಲ್ಪ ಹೊತ್ತು ತಡೆದು, ಇನ್ನೊಂದು ಸಲ ಪರೀಕ್ಷಿಸಿ, ‘ಪರವಾಗಿಲ್ಲ’ ಎಂದು ಬರೆದರು.

ಸ್ಯಾಂಪಲ್ಲಣ್ಣ ವಾಪಸು ಬರುವ ಹೊತ್ತಿಗೆ ನಾಲ್ಕನೇ ವಾರ್ಡಿನ ವಾಲ್ವು ಮುಚ್ಚಿ ಒಂದು ಗಂಟೆಯಾಗಿತ್ತು. ಕಚೇರಿ ಮುಂದೆ ಜನ ಬಕೀಟು ಹಿಡಿದು ನಿಂತಿದ್ದರು. ಅರ್ಧ ಜನ ನೀರು ಯಾಕೆ ನಿಲ್ಲಿಸಿದಿರಿ ಎಂದು ಕೂಗುತ್ತಿದ್ದರು. ಉಳಿದರ್ಧ ಜನ ಆ ಕೆಂಪು ನೀರು ಮತ್ತೆ ಎಷ್ಟು ಗಂಟೆಗೆ ಬಿಡುತ್ತೀರಿ ಎಂದು ವಿಚಾರಿಸುತ್ತಿದ್ದರು.

ಇಂಜಿನಿಯರ್ ಸಾಹೇಬರು ತಮ್ಮ ಕೋಣೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಸ್ಯಾಂಪಲ್ಲಣ್ಣ ಒಳಗೆ ಹೋಗಿ, ಬೆವರು ಒರೆಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸಾಹೇಬರು ಅವನನ್ನು ದಿಟ್ಟಿಸಿ ನೋಡಿದರು.

“ವೈನಾ?”

“ಹೌದು ಸರ್.”

“ಬಾಗಿಲು ಹಾಕ್ರೀ.”

ಬಾಗಿಲು ಹಾಕಿದ. ಸಾಹೇಬರು ಮೇಜಿನ ಮೇಲಿದ್ದ ನಾಲ್ಕನೇ ವಾರ್ಡಿನಿಂದ ಒಂದು ಗುಟುಕು ತೆಗೆದುಕೊಂಡರು. ಮುಖ ಸಡಿಲವಾಯಿತು. “ಅಂದ್ರೆ ಊರಲ್ಲಿ ಹೇಳ್ತಿರೋದು ನಿಜಾನಾ? ನಿಮ್ಮ ಮಾವನವರು ನಿನ್ನೆ ಬೆಳಿಗ್ಗೆ ಪಾರ್ಕಿನಲ್ಲಿ ಸಿಕ್ಕಿದ್ರು. ವೈನಿನ ಸಲಹೆಗೆ ಇಲಾಖೆಯೇ ನಿಮ್ಮ ಬಳಿ ಬರುತ್ತೆ ಅಂದ್ರು. ಇಲಾಖೆ ಅಂದ್ರೆ ನಾನು. ನಾನು ಯಾವಾಗ ಬಂದೆ ಅಂತ ರಾತ್ರಿಯೆಲ್ಲ ಯೋಚನೆ ಮಾಡಿದೆ.”

 “ಮನೆಯವರು ಸ್ವಲ್ಪ ಹೆಚ್ಚು ಮಾಡಿ ಹೇಳ್ತಾರೆ ಸರ್.”

“ಸಂಕೋಚ ಬೇಡ. ಕೂಟ ಬರೋ ವಾರ ಭಾನುವಾರ ತಾನೇ? ನಾನೂ ಬರ್ತೀನಿ. ಟೈಲ್ಸ್ ಅಂಗಡಿಯವನ ಮುಂದೆ ನಮ್ಮ ನಾಲಿಗೆ ಸೋಲಬಾರದು. ಇದು ಇಲಾಖೆಯ ಮರ್ಯಾದೆ ಪ್ರಶ್ನೆ.” ಆಮೇಲೆ ಫೈಲಿನ ಮೇಲೆ ‘ಕೆಂಪು ಬಣ್ಣ ತಾತ್ಕಾಲಿಕ, ಸರಿಪಡಿಸಲಾಗಿದೆ’ ಎಂದು ಬರೆದು ರುಜು ಹಾಕಿ, ಸರಿಪಡಿಸುವುದಕ್ಕಾಗಿ ಉಳಿದ ಎರಡು ಬಾಟಲಿಗಳನ್ನು ತಮ್ಮ ಕಪಾಟಿನೊಳಗಿಟ್ಟು ಬೀಗ ಹಾಕಿಕೊಂಡರು.

ಮುಂದಿನ ವಾರವೆಲ್ಲ ಸ್ಯಾಂಪಲ್ಲಣ್ಣನಿಗೆ ಊಟ ಸೇರಲಿಲ್ಲ. ಹೆಂಡತಿ ಮಾತ್ರ ಎಂದಿಲ್ಲದ ಖುಷಿಯಲ್ಲಿದ್ದಳು. ಅವನು ಆರು ಗಂಟೆಗೆ ಮನೆಗೆ ಬಂದರೆ ಗುನುಗುತ್ತಾ ಬಟ್ಟೆ ಮಡಿಸುತ್ತಿರುತ್ತಿದ್ದಳು. ತಂಗಿಯ ಫೋನು ಬಂದರೆ “ಬಾಟಲಿ ತುಂಬಾ ಚೆನ್ನಾಗಿದೆ ಕಣೇ, ನೀನೇನೂ ಯೋಚನೆ ಮಾಡಬೇಡ” ಅನ್ನುತ್ತಿದ್ದಳು. ತನ್ನ ಕೀರ್ತಿ ಅವಳನ್ನು ಇಷ್ಟು ಅರಳಿಸಿದೆಯಲ್ಲ ಎಂದು ಸ್ಯಾಂಪಲ್ಲಣ್ಣನಿಗೆ ಒಳಗೊಳಗೇ ಹೆಮ್ಮೆ, ಅದರ ಜೊತೆಗೆ ಭಯ.

ಭಾನುವಾರ ಬಂತು. ತೋಟದ ನಡುವೆ ದೊಡ್ಡ ಶೆಡ್ಡು, ಒಂದು ಗೋಡೆಗೆ ಸಾಲಾಗಿ ಉಕ್ಕಿನ ಟ್ಯಾಂಕುಗಳು, ಮಧ್ಯೆ ಉದ್ದನೆಯ ಮೇಜು, ಮೇಜಿನ ಸುತ್ತ ಇಪ್ಪತ್ತೈದು ಜನ. ತೋಟದೊಡತಿ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಓಡಾಡುತ್ತಿದ್ದಳು. ದೊಡ್ಡ ದನಿಯ, ದೊಡ್ಡ ಕೈಯ ಹೆಂಗಸು. ಮಾವ, ಅತ್ತೆ, ನಾದಿನಿ ಮುಂದಿನ ಸಾಲಿನಲ್ಲಿದ್ದರು. ಸಾಹೇಬರು ಟೈ ಕಟ್ಟಿಕೊಂಡು ಬಂದಿದ್ದರು. ಹೆಂಡತಿ ಟವೆಲ್ಲಿನಲ್ಲಿ ಸುತ್ತಿದ ಬಾಟಲಿಯನ್ನು ಮಡಿಲಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದು ಷಡ್ಡಕನ ಕೈಗೆ ಒಪ್ಪಿಸಿದಳು.

ಮೊದಲು ತೋಟದ ವೈನು. ತೋಟದೊಡತಿ ಎಲ್ಲರಿಗೂ ಸುರಿದು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಷಡ್ಡಕ ಶುರು ಮಾಡಿದ. ಒಣಗಿದ ಗುಲಾಬಿ ಅಂದ, ಮಳೆ ನಿಂತ ಮೇಲಿನ ಮಣ್ಣು ಅಂದ, ಹಿತ್ತಲ ಬಾಗಿಲು ತೆಗೆದಾಗ ಬೀಸುವ ಗಾಳಿ ಅಂದ. ಜನ ಹೂಂಗುಟ್ಟಿದರು. ಮಾವನ ಒಂದು ಕಣ್ಣು ಮುಚ್ಚಿಕೊಂಡಿತು.

“ನೀವೇನಂತೀರಿ?” ಎಂದು ತೋಟದೊಡತಿ ಸ್ಯಾಂಪಲ್ಲಣ್ಣನ ಮುಂದೆ ಬಂದು ನಿಂತಳು.

ಸ್ಯಾಂಪಲ್ಲಣ್ಣ ಗ್ಲಾಸನ್ನು ಬೆಳಕಿಗೆ ಹಿಡಿದ. ಮೂಸಿದ. ನಾಲಿಗೆಗೆ ಮುಟ್ಟಿಸಿದ. ಅಷ್ಟು ಜನರ ಮುಂದೆ ತಲೆ ಖಾಲಿಯಾಗಿತ್ತು. ನಾಲಿಗೆ ತನ್ನ ಪಾಡಿಗೆ ತಾನು ಹತ್ತೊಂಬತ್ತು ವರ್ಷದಿಂದ ಹೇಳಿಕೊಂಡು ಬಂದದ್ದನ್ನೇ ಹೇಳಿತು.

“ಇಲ್ಲ.”

“ಏನಿಲ್ಲ?”

“ಏನೂ ಇಲ್ಲ.”

 ಸಾಹೇಬರು ಟೈ ಸಡಿಲ ಮಾಡಿಕೊಂಡರು. ತೋಟದೊಡತಿ ಅವನನ್ನೇ ನೋಡುತ್ತಾ ನಿಂತು, ಇದ್ದಕ್ಕಿದ್ದಂತೆ ಮೇಜಿನ ಮೇಲೆ ಕೈ ಬಡಿದಳು.

“ಏಳು ವರ್ಷದಿಂದ ವೈನು ಮಾಡ್ತಿದ್ದೀನಿ! ಬಂದವರೆಲ್ಲ ಗುಲಾಬಿ ಇದೆ, ಚಪ್ಪಲಿ ಇದೆ, ಹಿತ್ತಲ ಬಾಗಿಲಿದೆ ಅಂತಾರೆ. ನಾನು ಹಾಕಿರೋದು ದ್ರಾಕ್ಷಿ, ಬೇರೆ ಏನೂ ಹಾಕಿಲ್ಲ! ಏನೂ ಇಲ್ಲ ಅಂತ ಹೇಳಿದ ಮೊದಲನೇ ಮನುಷ್ಯ ಇವರು!”

ಚಪ್ಪಾಳೆ! ಸಾಹೇಬರು ಎದ್ದು ನಿಂತು ತಟ್ಟಿದರು. ಮಾವ ಎರಡೂ ಕಣ್ಣು ಮುಚ್ಚಿಕೊಂಡರು. ಅಂಥ ಮೆಚ್ಚುಗೆ ಆ ಮನೆತನದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಷಡ್ಡಕನ ಮುಖ ಹುಳ್ಳಗಾಯಿತು. ಆ ಹುಳ್ಳಗಿನ ಮುಖ ನೋಡಿ ಸ್ಯಾಂಪಲ್ಲಣ್ಣನ ಹೊಟ್ಟೆಯೊಳಗೆ ಎಷ್ಟೋ ವರ್ಷದಿಂದ ಉರಿಯುತ್ತಿದ್ದ ಒಲೆಗೆ ಒಂದು ಚೊಂಬು ತಣ್ಣೀರು ಬಿದ್ದಷ್ಟು ಹಿತವಾಯಿತು. ಇಲ್ಲಿಗೇ ಎದ್ದು ಮನೆಗೆ ಹೋಗಿದ್ದರೆ ಆಗಿತ್ತು. ಆದರೆ ಗೆದ್ದ ಮನುಷ್ಯ ಇನ್ನೊಂದು ಸುತ್ತು ಗೆಲ್ಲದೆ ಏಳುವುದುಂಟೇ?

ಷಡ್ಡಕ ಹೊರದೇಶದ ಬಾಟಲಿಯನ್ನು ಕೈಗೆತ್ತಿಕೊಂಡ. ಕವಚ ಹರಿದು ತಿರುಪು ಹಾಕಿ ಎಳೆದ. ಬಿರಡೆ ಬೆಣ್ಣೆಯೊಳಗಿನ ಚಾಕುವಿನ ಹಾಗೆ ಸಲೀಸಾಗಿ ಬಂತು. “ಕೈಯ ಅಭ್ಯಾಸ,” ಅಂದ. ಗ್ಲಾಸುಗಳಿಗೆ ಸುರಿದ. ತೆಳು ಗುಲಾಬಿ ಬಣ್ಣದ್ದೇನೋ ಬಿತ್ತು.

“ಇಷ್ಟು ತೆಳುವೇ?” ಎಂದು ಕೇಳಿದರು ಯಾರೋ.

“ವಯಸ್ಸಾದ ಹಾಗೆ ತಿಳಿಯಾಗುತ್ತೆ,” ಎಂದ ಷಡ್ಡಕ, ಸ್ವಲ್ಪ ತಡವರಿಸಿ. “ದೊಡ್ಡ ಮನುಷ್ಯರ ಹಾಗೆ.” ಕುಡಿದು ಕಣ್ಣು ಮುಚ್ಚಿದ. “ಆಹಾ. ಎಷ್ಟು ನಯ. ನಾಲಿಗೆ ಮೇಲೆ ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ.”

ಎಲ್ಲರೂ ಆಹಾ ಅಂದರು. ಸ್ಯಾಂಪಲ್ಲಣ್ಣ ಒಂದು ಗುಟುಕು ತೆಗೆದುಕೊಂಡ. ಅವನ ಹುಬ್ಬು ಮೇಲೆ ಹೋಯಿತು. ಇನ್ನೊಂದು ಗುಟುಕು. ಜೀವಮಾನದಲ್ಲಿ ಮೊದಲ ಬಾರಿಗೆ ವೈನಿನಲ್ಲಿ ಅವನ ನಾಲಿಗೆಗೆ ಪರಿಚಯದವರು ಸಿಕ್ಕಿದ್ದರು! ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ.

“ಇದೆ!” ಅಂದ.

“ಏನಿದೆ ಅಣ್ಣಾ?”

“ಕ್ಲೋರಿನ್ ಇದೆ. ತುಕ್ಕು ಇದೆ. ಕಡೆಯಲ್ಲಿ ಪಾಚಿ ಇದೆ. ಮಹಾಜನಗಳೇ, ಇದರಲ್ಲಿ ಅರ್ಧಕ್ಕರ್ಧ ನಲ್ಲಿ ನೀರು! ಅದೂ ಹೊರದೇಶದ ನೀರಲ್ಲ. ನಮ್ಮೂರಿನದೇ. ಐದನೇ ಟ್ಯಾಂಕು! ಬೇಕಾದ್ರೆ ಬರೆದುಕೊಡ್ತೀನಿ!”

ಶೆಡ್ಡಿನಲ್ಲಿ ಗುಲ್ಲೆದ್ದಿತು. ಜನ ಷಡ್ಡಕನ ಕಡೆ ತಿರುಗಿದರು.  ಸ್ಯಾಂಪಲ್ಲಣ್ಣ ಆ ಕ್ಷಣದಲ್ಲಿ ಅನುಭವಿಸಿದ ಸುಖವನ್ನು ಯಾವ ದೇಶದ ದ್ರಾಕ್ಷಿಯೂ ಕೊಡಲಾರದು. ಆದರೆ ಸಾಹೇಬರಿಗೆ ಸಿಟ್ಟು ಬಂದಿತ್ತು.

“ಏನ್ರೀ ಹೇಳ್ತಿದ್ದೀರಿ? ಐದನೇ ಟ್ಯಾಂಕಿನಲ್ಲಿ ಪಾಚಿಯೇ? ಹೋದ ತಿಂಗಳು ನಾನೇ ನಿಂತು ತೊಳೆಸಿದ್ದೀನಿ!”

“ಇದೆ ಸರ್. ನನ್ನ ನಾಲಿಗೆ ಸುಳ್ಳು ಹೇಳಲ್ಲ. ಮೂರನೇ ಟ್ಯಾಂಕಾದ್ರೆ ಸುಣ್ಣ ಬರುತ್ತೆ, ಆರನೇದಾದ್ರೆ ಮಣ್ಣು. ಇದು ಐದೇ.”

“ಐದನೇ ಟ್ಯಾಂಕು ಅಂದ್ರೆ,” ಎಂದು ಸಾಹೇಬರು ಮೇಲೆ ನೋಡುತ್ತಾ ನೆನಪು ಮಾಡಿಕೊಂಡರು, “ನಿಮ್ಮ ಬೀದಿಗೆ ಬರೋದೇ ಅಲ್ವೇನ್ರೀ?”

 ಷಡ್ಡಕನ ಕಡೆ ನೋಡುತ್ತಿದ್ದ ಇಪ್ಪತ್ತೈದು ತಲೆಗಳು ಒಟ್ಟಿಗೇ ಈ ಕಡೆ ತಿರುಗಿದವು.

“ಹೌದಲ್ಲ,” ಅಂದಳು ನಾದಿನಿ ನಿಧಾನವಾಗಿ. “ನಮ್ಮ ಮನೆ ನೀರು ಎರಡನೇ ಟ್ಯಾಂಕಿನದು. ಬಾಟಲಿ ಎರಡು ವಾರ ನಿಮ್ಮ ಮನೇಲಿತ್ತು, ಭಾವ.”

ಸ್ಯಾಂಪಲ್ಲಣ್ಣ “ನಾನಲ್ಲ!” ಎಂದು ಹೇಳಲು ಬಾಯಿ ತೆರೆದ. ನಾನಲ್ಲದಿದ್ದರೆ ಇನ್ಯಾರು? ಮನೆಯಲ್ಲಿರುವುದೇ ಇಬ್ಬರು. ಅವನ ಕಣ್ಣು ಮೇಜಿನ ಮೇಲೆ ಬಿದ್ದಿದ್ದ ಕೆಂಪು ಕವಚದ ಮೇಲೆ ನಿಂತಿತು. ಹಿಂದುಗಡೆ ಕೂದಲೆಳೆಯಷ್ಟು ಸಣ್ಣ ಸೀಳು, ಅದರ ಅಂಚಿಗೆ ಅಂಚು ಕೂರಿಸಿ ಅಂಟಿಸಿದ ಗುರುತು. ಅಷ್ಟು ನಾಜೂಕಾಗಿ ಅಂಟು ಹಾಕುವ ಕೈ ಊರಿನಲ್ಲಿ ಒಂದೇ ಒಂದು. ತಲೆಯೆತ್ತಿ ನೋಡಿದ. ಹೆಂಡತಿ ಉಕ್ಕಿನ ಟ್ಯಾಂಕುಗಳನ್ನು ಒಂದು, ಎರಡು, ಮೂರು ಎಂದು ಬಹಳ ಆಸಕ್ತಿಯಿಂದ ಎಣಿಸುತ್ತಿದ್ದಳು. ಕಿವಿಗಳು ಮಾತ್ರ ಕೆಂಪಗಾಗಿದ್ದವು.

ಅವನು ಒಂದು ಮಾತು ಆಡಿದ್ದರೆ ಸಾಕಿತ್ತು, ತಾನು ಪಾರು. ಆದರೆ ಅವಳ ತಂಗಿ ಎದುರಿಗಿದ್ದಳು, ಅಪ್ಪ ಅಮ್ಮ ಎದುರಿಗಿದ್ದರು. ಸ್ಯಾಂಪಲ್ಲಣ್ಣ ಗಂಟಲು ಸರಿಮಾಡಿಕೊಂಡ.

“ನಾನೇ ಕುಡಿದೆ,” ಅಂದ.

ಮಾವನ ಎರಡೂ ಕಣ್ಣು ತೆರೆದವು. ಸಾಹೇಬರು ಕುರ್ಚಿಯನ್ನು ಒಂದಡಿ ದೂರ ಎಳೆದುಕೊಂಡು ತಾವು ಬೇರೆ ಇಲಾಖೆಯವರು ಎಂಬಂತೆ ಕೂತರು. ಅತ್ತೆ “ಅಯ್ಯೋ” ಅಂದರು. ಸ್ಯಾಂಪಲ್ಲಣ್ಣ ಷಡ್ಡಕನ ಬೈಗುಳಕ್ಕೆ ಕುತ್ತಿಗೆ ಬಗ್ಗಿಸಿ ಕಾದ. ಷಡ್ಡಕ ಹತ್ತಿರ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ. ಕಣ್ಣಲ್ಲಿ ಏನೋ ವಿಚಿತ್ರವಾದ ಬೆಳಕಿತ್ತು. ಕನ್ನಡಿಯಲ್ಲಿ ದಿನಾ ನೋಡಿಕೊಂಡ ಕಾರಣ ಸ್ಯಾಂಪಲ್ಲಣ್ಣನಿಗೆ ಅದರ ಗುರುತು ತಕ್ಷಣ ಸಿಕ್ಕಿತು. ಅದು ಅಚ್ಚ ಹೊಟ್ಟೆಕಿಚ್ಚು!

“ಅಣ್ಣಾ,” ಎಂದ ಷಡ್ಡಕ ಸಣ್ಣ ದನಿಯಲ್ಲಿ, “ಹೇಗಿತ್ತು?”

“ಅಂದ್ರೆ?”

“ನಾನು ಅದರ ರುಚಿಯನ್ನೇ ನೋಡಿಲ್ಲ ಅಣ್ಣಾ. ಅಲ್ಲಿ ನಮ್ಮನ್ನ ಟೈಲ್ಸ್ ಕಾರ್ಖಾನೆ ಬಿಟ್ಟು ಎಲ್ಲೂ ಬಿಡಲಿಲ್ಲ. ವೈನಿನ ವಿಷಯ ನಾನು ಓದಿದ್ದೆಲ್ಲ ವಾಪಸು ಬರುವಾಗ ವಿಮಾನದಲ್ಲಿದ್ದ ಪತ್ರಿಕೆಯಲ್ಲಿ. ಬಾಟಲಿ ತಗೊಂಡಿದ್ದು ಅಲ್ಲಿನ ವಿಮಾನ ನಿಲ್ದಾಣದಲ್ಲಿ. ಒಂದೇ ಒಂದು ಬಾಟಲಿ, ಎಲ್ಲರ ಎದುರಿಗೆ ತೆಗೆಯೋಣ ಅಂತ ಆಸೆಯಿಂದ ಇಟ್ಟಿದ್ದೆ. ಹೇಳಿ ಅಣ್ಣಾ. ನಿಜವಾದದ್ದು ಹೇಗಿತ್ತು?”

ಶೆಡ್ಡಿನಲ್ಲಿದ್ದವರೆಲ್ಲ ಮುಂದಕ್ಕೆ ಬಗ್ಗಿದರು. ತೋಟದೊಡತಿಯೂ ಕೈಕಟ್ಟಿ ಹತ್ತಿರ ಬಂದಳು. ಕಳ್ಳತನ ಒಪ್ಪಿಕೊಂಡವನಿಗೆ ಇಷ್ಟು ಗೌರವ ಎಲ್ಲಿಯೂ ಸಿಕ್ಕಿರಲಾರದು. ಸ್ಯಾಂಪಲ್ಲಣ್ಣನಿಗೆ ಅಳು ಬರುವ ಹಾಗಾಯಿತು. ಷಡ್ಡಕ ಜೀವಮಾನದಲ್ಲಿ ಒಂದು ಸಲ ತನ್ನನ್ನು ನೋಡಿ ಕರುಬುತ್ತಿದ್ದಾನೆ, ಅದೂ ತಾನು ಕುಡಿಯದೇ ಇದ್ದದ್ದಕ್ಕೆ!

“ಅದನ್ನು ಮಾತಿನಲ್ಲಿ ಹೇಳೋಕಾಗಲ್ಲಪ್ಪ,” ಎಂದು ಕಣ್ಣು ಕೆಳಗೆ ಹಾಕಿದ.

“ನಿಜ,” ಎಂದು ಷಡ್ಡಕ ನಿಟ್ಟುಸಿರುಬಿಟ್ಟ. “ತಿಳಿದವರು ಹಾಗೇ ಹೇಳ್ತಾರೆ.”

ತೋಟದೊಡತಿ ಕೆಂಪು ಕವಚವನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು, ಆಮೇಲೆ ಟ್ಯಾಂಕು ಎಣಿಸುತ್ತಿದ್ದ ಹೆಂಗಸನ್ನು ನೋಡಿದಳು, ಕವಚವನ್ನು ಮುದುರಿ ಬೂಟಿನೊಳಗೆ ಹಾಕಿಕೊಂಡಳು. ಎಲ್ಲರಿಗೂ ತೋಟದ ವೈನನ್ನೇ ಮತ್ತೊಂದು ಸುತ್ತು ಸುರಿದಳು.

ವಾಪಸು ಬರುವ ಬಸ್ಸಿನಲ್ಲಿ ಇಬ್ಬರು ಕೂರುವ ಸೀಟು ಸಿಕ್ಕಿತು.  ಸಂಜೆ ಬಿಸಿಲು ಕಿಟಕಿಯಿಂದ ಅವಳ ಮಡಿಲಿಗೆ ಬೀಳುತ್ತಿತ್ತು.

“ಹೇಗೆ ತೆಗೆದೆ?” ಎಂದು ಕೇಳಿದ ಕಡೆಗೆ.

“ಬಾಗಿಲಿಗೆ ಹಾಕೋ ಉದ್ದ ಸ್ಕ್ರೂ ಇತ್ತಲ್ಲ, ಅದನ್ನ ತಿರುಗಿಸಿ ಇಕ್ಕಳದಲ್ಲಿ ಎಳೆದೆ. ಸೋಮವಾರದಿಂದ ಶುಕ್ರವಾರದವರೆಗೆ, ದಿನಾ ಲೈಬ್ರರಿಯಿಂದ ಬಂದ ಮೇಲೆ ಅರ್ಧ ಲೋಟ. ಶನಿವಾರ ನೀರು ತುಂಬಿಸಿ ಅಂಟಿಸಿದೆ.” ಅವಳ ದನಿಯಲ್ಲಿ ಪಶ್ಚಾತ್ತಾಪ ಎಲ್ಲಿದೆಯೆಂದು ಸ್ಯಾಂ‌ಪಲ್ಲಣ್ಣ ಹುಡುಕಿದ. ಬಣ್ಣ ಇಲ್ಲ, ವಾಸನೆಯೂ ಇಲ್ಲ. “ಅವಳು ಕುಡಿದಿದ್ದಾಳೆ ಅಂತಲೇ ಅಂದ್ಕೊಂಡಿದ್ದೆ ರೀ. ಅಷ್ಟು ಜಂಬ ಮಾಡ್ತಿದ್ದಳಲ್ಲ. ಪಾಪ, ಅವಳಿಗೂ ಗೊತ್ತಿಲ್ಲ, ಅವಳ ಗಂಡನಿಗೂ ಗೊತ್ತಿಲ್ಲ. ಇಡೀ ಮನೆತನಕ್ಕೆ ನಾನೊಬ್ಬಳೇ!” ಅವಳ ಮುಖ ದೀಪ ಹಚ್ಚಿದ ಹಾಗಿತ್ತು.

“ಹೇಗಿತ್ತು?”

ಅವಳು ಕಿಟಕಿಯಾಚೆ ನೋಡಿದಳು.

“ಮೊದಲನೇ ದಿನ ಮುಖ ಕಿವುಚೋ ಹಾಗಿತ್ತು. ಇದಕ್ಕಾ ಇಷ್ಟು ರಂಪ ಅನ್ನಿಸ್ತು. ಎರಡನೇ ದಿನ ಸ್ವಲ್ಪ ಸ್ನೇಹ ಆಯ್ತು. ಬುಧವಾರ ಏನಾಯ್ತು ಅಂದ್ರೆ, ತುಂಬಾ ಹಳೇ ಪುಸ್ತಕ ಬಿಚ್ಚುವಾಗ ಕೆಲವು ಸಲ ಹಾಳೆ ಮಧ್ಯೆ ಒಣಗಿದ ಹೂವು ಸಿಗುತ್ತೆ ನೋಡಿ. ಯಾರು ಇಟ್ಟಿದ್ದೋ, ಯಾಕೆ ಮರೆತರೋ ಗೊತ್ತಾಗಲ್ಲ. ಬಣ್ಣ ಹೋಗಿರುತ್ತೆ, ವಾಸನೆ ಮಾತ್ರ ಎಲ್ಲೋ ಒಂದು ಚೂರು ಉಳಿದಿರುತ್ತೆ. ಹಾಗಿತ್ತು.”

ಸ್ಯಾಂಪಲ್ಲಣ್ಣ ಅವಳನ್ನು ನೋಡಿದ. ಷಡ್ಡಕನ ಮೇಲೆ ಅವನಿಗಿದ್ದದ್ದು ಏನಿದ್ದರೂ ಬೆವರುಸಾಲೆ. ಈಗ ಎದೆಯಲ್ಲಿ ಎದ್ದದ್ದು ಕಾಳ್ಗಿಚ್ಚು. ಹತ್ತೊಂಬತ್ತು ವರ್ಷ ಇಲ್ಲ ಇಲ್ಲ ಅಂತ ಬರೆಸಿದ ನಾಲಿಗೆಯನ್ನು ಬಾಯೊಳಗೆ ಒಂದು ಸುತ್ತು ಆಡಿಸಿದ. ಅಲ್ಲಿ ಐದನೇ ಟ್ಯಾಂಕು ಇನ್ನೂ ಹಾಗೇ ಇತ್ತು.

“ಅಲ್ಲ ಕಣೇ,” ಅಂದ. “ಅದೇ ಮನೇಲಿ ನಾನೂ ಇದ್ದೆ. ನನಗೆ ಒಂದು ತೊಟ್ಟಾದ್ರೂ ಇಡಬೇಕು ಅಂತ ನಿನಗೆ ಅನ್ನಿಸಲೇ ಇಲ್ವಾ?”

ಅವಳು ಪ್ರಾಮಾಣಿಕವಾಗಿ ಯೋಚನೆ ಮಾಡಿದಳು. ಅವನ ಕೈಯ ಮೇಲೆ ಕೈಯಿಟ್ಟಳು.

“ಅನ್ನಿಸ್ತು ರೀ. ಶುಕ್ರವಾರ ಅನ್ನಿಸ್ತು.”

“ಮತ್ತೆ?”

“ಶುಕ್ರವಾರದ್ದೇ ಎಲ್ಲಕ್ಕಿಂತ ಚೆನ್ನಾಗಿತ್ತು.”